ಪಿನ್ನು ಹಿಡಿಯುವ ಹಲಗೆಯ ಕಥೆ

ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಗೊತ್ತಿರುವ ಕರಾರೊಂದಿದೆ: ಗೋಡೆಗೆ ಮೊಳೆ ಹೊಡೆಯಬಾರದು. ಮನೆಯ ಮಾಲೀಕರು ಬೀಗದ ಕೈ ಕೊಡುವಾಗಲೇ ಇದನ್ನು ಹೇಳಿಬಿಡುತ್ತಾರೆ. ನೀವು ಆಗಾಗ ವರ್ಗವಾಗುವ ಶಿಕ್ಷಕರಾಗಿದ್ದರೆ ಈ ಮಾತನ್ನು ಹಲವು ಊರುಗಳಲ್ಲಿ ಕೇಳಿರುತ್ತೀರಿ. ಆದರೆ ಓದುವ ಮಕ್ಕಳಿರುವ ಮನೆಯಲ್ಲಿ ವೇಳಾಪಟ್ಟಿ, ಆವರ್ತ ಕೋಷ್ಟಕ, ಪತ್ರಿಕೆಯಿಂದ ಕತ್ತರಿಸಿದ ಚಿತ್ರ, ಕರೆಂಟು ಬಿಲ್ಲು ಇವನ್ನೆಲ್ಲ ಕಣ್ಣಿಗೆ ಕಾಣುವ ಹಾಗೆ ಎಲ್ಲಿಯಾದರೂ ಚುಚ್ಚಿಡಬೇಕಲ್ಲವೆ?

ನಾನೂ ಒಮ್ಮೆ ಇದಕ್ಕಾಗಿ ಥರ್ಮೊಕೋಲ್ ಹಾಳೆಯೊಂದನ್ನು ತಂದು, ಎರಡೂ ಬದಿ ಅಂಟುವ ಟೇಪಿನಿಂದ ಗೋಡೆಗೆ ಅಂಟಿಸಿದೆ. ಮೊಳೆ ಹೊಡೆಯಲಿಲ್ಲವಲ್ಲ ಎಂಬ ಸಮಾಧಾನ. ಹದಿನೈದು ದಿನ ಕಳೆಯುವುದರೊಳಗೆ ಹಾಳೆ ಕೆಳಗೆ ಬಿತ್ತು. ಬರಿದೆ ಬೀಳಲಿಲ್ಲ, ಅಂಗೈಯಗಲದ ಡಿಸ್ಟೆಂಪರನ್ನು ನಾಲ್ಕು ಕಡೆ ಕಿತ್ತುಕೊಂಡು ಬಿತ್ತು. ಮನೆ ಬಿಡುವಾಗ ಮಾಲೀಕರು ಬಣ್ಣದ ಖರ್ಚನ್ನು ಮುಂಗಡದಲ್ಲಿ ಹಿಡಿದುಕೊಂಡರು. ಅಗ್ಗದ ಫಲಕ ತುಟ್ಟಿಯಾಯಿತು. ಅದಿರಲಿ, ಬಿದ್ದ ಹಾಳೆಯನ್ನು ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಪದೇ ಪದೇ ಪಿನ್ನು ಚುಚ್ಚಿದ ಜಾಗದಲ್ಲಿ ತೂತುಗಳು ಹಾಗೆಯೇ ಬಾಯಿ ತೆರೆದುಕೊಂಡಿದ್ದವು. ಶಾಲೆಯ ಹಳೆಯ ಕಾರ್ಕ್ ಫಲಕದಲ್ಲಿ ಎಷ್ಟೋ ವರ್ಷ ಚುಚ್ಚಿದರೂ ಹಾಗೆ ಆಗಿರಲಿಲ್ಲ. ಯಾಕೆ? ಈ ಪ್ರಶ್ನೆಯ ಉತ್ತರ ನಮ್ಮನ್ನು 1665ಕ್ಕೆ ಕರೆದೊಯ್ಯುತ್ತದೆ. ಅದಕ್ಕೂ ಮೊದಲು ಫಲಕದ ಬಗ್ಗೆ ಎರಡು ಮಾತು.

ಸಾರ್ವಜನಿಕ ಸೂಚನಾ ಫಲಕ ಬಹಳ ಹಳೆಯದು. ಪ್ರಾಚೀನ ರೋಮ್‌ನಲ್ಲಿ ಪ್ರೇಟರ್ ಎಂಬ ನ್ಯಾಯಾಧಿಕಾರಿ ತಾನು ಅನುಸರಿಸುವ ನಿಯಮಗಳನ್ನು ಬಿಳಿ ಬಳಿದ ಮರದ ಹಲಗೆಯ ಮೇಲೆ ಬರೆಸಿ ಜನ ಸೇರುವ ಚೌಕದಲ್ಲಿ ಇರಿಸುತ್ತಿದ್ದ. ಲ್ಯಾಟಿನ್ ಭಾಷೆಯಲ್ಲಿ 'ಆಲ್ಬಸ್' ಎಂದರೆ ಬಿಳಿ, ಹಾಗಾಗಿ ಆ ಹಲಗೆ 'ಆಲ್ಬಮ್'. ನಮ್ಮ ಮದುವೆಯ ಫೋಟೊ ಆಲ್ಬಮ್ಮಿಗೆ ಹೆಸರು ಬಂದದ್ದು ಅಲ್ಲಿಂದ. ಆದರೆ ಈ ಹಲಗೆಗೆ ಒಂದು ಮಿತಿ ಇತ್ತು. ಬರಹ ಹಲಗೆಯದೇ ಭಾಗ, ಹೊಸದನ್ನು ಬರೆಯಬೇಕಾದರೆ ಹಳೆಯದರ ಮೇಲೆ ಮತ್ತೆ ಬಿಳಿ ಬಳಿಯಬೇಕು. ಕಾಗದ ಅಗ್ಗವಾಗಿ ಮುದ್ರಣ ಬಂದ ಮೇಲೆ ಬರಹ ಹಲಗೆಯಿಂದ ಬೇರೆಯಾಯಿತು. ಯುರೋಪಿನ ಊರುಗಳಲ್ಲಿ ಚರ್ಚಿನ ಬಾಗಿಲೇ ಸೂಚನಾ ಫಲಕವಾಯಿತು. 1517ರಲ್ಲಿ ಮಾರ್ಟಿನ್ ಲೂಥರ್ ತನ್ನ 95 ವಾದಗಳನ್ನು ವಿಟೆನ್‌ಬರ್ಗ್ ಚರ್ಚಿನ ಬಾಗಿಲಿಗೆ ಹೊಡೆದನೆಂಬ ಕಥೆ ಪ್ರಸಿದ್ಧ. ಆತ ನಿಜವಾಗಿ ಸುತ್ತಿಗೆ ಹಿಡಿದನೇ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆ ವಿಶ್ವವಿದ್ಯಾಲಯದ ಸೂಚನೆಗಳನ್ನು ಚರ್ಚಿನ ಬಾಗಿಲಿಗೆ ಹಚ್ಚುವ ರೂಢಿ ಇದ್ದದ್ದಂತೂ ನಿಜ. ಓಕ್ ಮರದ ಬಾಗಿಲಿಗೆ ಮೊಳೆ ಬೇಕು, ಸುತ್ತಿಗೆ ಬೇಕು. ಬರಿ ಹೆಬ್ಬೆರಳಿನಿಂದ ಆಗುವ ಕೆಲಸವಲ್ಲ.

ಹೆಬ್ಬೆರಳಿನಿಂದ ಒತ್ತುವ ಪಿನ್ನು ನಕ್ಷೆ ಬರೆಯುವವರ ಮೇಜಿನಲ್ಲಿ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಕಾಗದವನ್ನು ಮೆದು ಮರದ ಹಲಗೆಗೆ ಬಿಗಿಯಲು ಚಪ್ಪಟೆ ತಲೆಯ ಡ್ರಾಯಿಂಗ್ ಪಿನ್ ಬಳಸುತ್ತಿದ್ದರು. ಜರ್ಮನಿಯ ಲಿಚೆನ್ ಎಂಬ ಸಣ್ಣ ಊರಿನವರು ಇದನ್ನು ಕಂಡುಹಿಡಿದದ್ದು ತಮ್ಮೂರ ಗಡಿಯಾರ ರಿಪೇರಿಯ ಯೋಹಾನ್ ಕಿರ್ಸ್ಟೆನ್ ಎನ್ನುತ್ತಾರೆ. ಆತ ಅದನ್ನು ಮಾಡಿದ್ದು 1903ರ ಸುಮಾರಿಗೆ. ಪೇಟೆಂಟ್ ಮಾತ್ರ 1904ರಲ್ಲಿ ಹಕ್ಕು ಕೊಂಡ ಲಿಂಡ್‌ಸ್ಟೆಟ್ ಮನೆತನದ ಪಾಲಾಯಿತು. ಡ್ರಾಯಿಂಗ್ ಪಿನ್ನಿನ ಹೆಸರು ಇಂಗ್ಲಿಷಿನಲ್ಲಿ ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲೇ ಚಾಲ್ತಿಯಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಕಿರ್ಸ್ಟೆನ್‌ಗೆ ಕೊಡಬೇಕಾದ ಶ್ರೇಯಸ್ಸು ಎಷ್ಟೆಂದು ನೀವೇ ತೀರ್ಮಾನಿಸಬಹುದು. ಹಿಡಿಯಿರುವ ಪುಶ್ ಪಿನ್ನಿನ ಕಥೆ ಸ್ಪಷ್ಟವಾಗಿದೆ. ಅಮೆರಿಕದಲ್ಲಿ ಎಡ್ವಿನ್ ಮೂರ್ 1900ರಲ್ಲಿ ಅದನ್ನು ಮಾಡಿ ಮಾರಲು ಆರಂಭಿಸಿದ. ಹಿಡಿಯುಳ್ಳ ಪಿನ್ನು ಎಂಬುದೇ ಅವನ ವರ್ಣನೆ.

ಇಲ್ಲಿ ಒಂದು ಲೆಕ್ಕ ಮಾಡೋಣ. ಡ್ರಾಯಿಂಗ್ ಪಿನ್ನಿನ ತಲೆಯ ವ್ಯಾಸ 10 ಮಿಲಿಮೀಟರ್, ಮೊನೆಯ ವ್ಯಾಸ 0.1 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ವ್ಯಾಸ ನೂರು ಪಟ್ಟು ಕಡಿಮೆಯಾದರೆ ವಿಸ್ತೀರ್ಣ ಹತ್ತು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಬಲ ಅಷ್ಟೇ ಇರುವುದರಿಂದ ಮೊನೆಯಲ್ಲಿನ ಒತ್ತಡ ನಿಮ್ಮ ಹೆಬ್ಬೆರಳಿನ ಮೇಲಿನ ಒತ್ತಡದ 10,000 ಪಟ್ಟು. ತರಗತಿಯಲ್ಲಿ ಒತ್ತಡದ ಪಾಠಕ್ಕೆ ಇದಕ್ಕಿಂತ ಅಗ್ಗದ ಉಪಕರಣ ಸಿಗಲಾರದು. ಆದರೆ ಈ ಲೆಕ್ಕ ಪಿನ್ನು ಒಳಹೋಗುವುದನ್ನು ಮಾತ್ರ ವಿವರಿಸುತ್ತದೆ. ಒಳಹೋದ ಪಿನ್ನು ನಿಲ್ಲಬೇಕು, ತೆಗೆದ ಮೇಲೆ ತೂತು ಮುಚ್ಚಿಕೊಳ್ಳಬೇಕು. ಗಟ್ಟಿ ಮರ ಪಿನ್ನನ್ನು ಒಳಗೇ ಬಿಡುವುದಿಲ್ಲ. ಜೇಡಿಮಣ್ಣು ಸುಲಭವಾಗಿ ಬಿಡುತ್ತದೆ, ಆದರೆ ಹಿಡಿಯುವುದಿಲ್ಲ. ಇವೆರಡರ ನಡುವಿನ ಗುಣ ಯಾವುದರಲ್ಲಿದೆ?

ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳ ಹೊಣೆ ಹೊತ್ತಿದ್ದ ರಾಬರ್ಟ್ ಹುಕ್‌ಗೆ ಪಿನ್ನಿನ ಚಿಂತೆ ಇರಲಿಲ್ಲ. ಆದರೆ ಆತ ಹರಿತವಾದ ಚಾಕುವಿನಿಂದ ಕಾರ್ಕಿನ ತೆಳು ಪದರವೊಂದನ್ನು ಸೀಳಿ, ಕಪ್ಪು ತಟ್ಟೆಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ. ಜೇನುಹುಟ್ಟಿನಂತಹ ಗೂಡುಗಳು ಕಂಡವು. ಅವಕ್ಕೆ 'ಸೆಲ್' ಎಂದ. 1665ರಲ್ಲಿ ಪ್ರಕಟವಾದ 'ಮೈಕ್ರೊಗ್ರಾಫಿಯ'ದಲ್ಲಿ ಈ ವಿವರಣೆ ಇದೆ. ಜೀವಕೋಶದ ಪಾಠದಲ್ಲಿ ನಾವು ಇಷ್ಟನ್ನು ಹೇಳಿ ಮುಂದೆ ಹೋಗಿಬಿಡುತ್ತೇವೆ. ಹುಕ್ ಅಷ್ಟಕ್ಕೇ ನಿಲ್ಲಲಿಲ್ಲ. ಅಂಗುಲದ ಹದಿನೆಂಟನೆಯ ಒಂದು ಭಾಗದಲ್ಲಿ ಅರವತ್ತು ಗೂಡುಗಳನ್ನು ಎಣಿಸಿದ. ಅಂದರೆ ಅಂಗುಲಕ್ಕೆ 1,080. ಘನ ಅಂಗುಲಕ್ಕೆ ಎಷ್ಟು? 1,080ನ್ನು ಮೂರು ಸಲ ಗುಣಿಸಿ: 1,25,97,12,000. ನೂರಿಪ್ಪತ್ತೈದು ಕೋಟಿಗೂ ಮಿಕ್ಕು! ಈ ಲೆಕ್ಕವನ್ನು ಆತನೇ ಬರೆದಿಟ್ಟಿದ್ದಾನೆ. ಒಂದೊಂದು ಗೂಡಿನ ಅಗಲ ಇಂದಿನ ಅಳತೆಯಲ್ಲಿ ಸುಮಾರು 23.5 ಮೈಕ್ರೊಮೀಟರ್ ಆಗುತ್ತದೆ.

ನಮಗೆ ಇಲ್ಲಿ ಮುಖ್ಯವಾಗುವುದು ಹುಕ್ ಅನಂತರ ಕೇಳಿಕೊಂಡ ಪ್ರಶ್ನೆಗಳು. ಕಾರ್ಕ್ ಯಾಕೆ ಹಗುರ? ಯಾಕೆ ನೀರು ಹೀರುವುದಿಲ್ಲ? ಅದುಮಿದರೆ ಯಾಕೆ ಮತ್ತೆ ಉಬ್ಬುತ್ತದೆ? ಮೂರಕ್ಕೂ ಆತ ಕೊಟ್ಟ ಉತ್ತರ ಒಂದೇ: ಘನವಸ್ತು ಕಡಿಮೆ, ಮುಚ್ಚಿದ ಗೂಡುಗಳಲ್ಲಿ ಸಿಕ್ಕಿಬಿದ್ದ ಗಾಳಿ ಹೆಚ್ಚು. ಮೊದಲ ಎರಡು ಬಹುಮಟ್ಟಿಗೆ ಸರಿ. ಮೂರನೆಯದಕ್ಕೆ ತಿದ್ದುಪಡಿ ಬೇಕಾಯಿತು. 1981ರಲ್ಲಿ ಗಿಬ್ಸನ್, ಈಸ್ಟರ್ಲಿಂಗ್ ಮತ್ತು ಆಶ್ಬಿ ಎಂಬ ಮೂವರು ಕಾರ್ಕಿನ ರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರಿಶೀಲಿಸಿ, ಕೋಶಗಳ ಗೋಡೆಗಳೇ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿವೆ ಎಂದು ತೋರಿಸಿದರು. ಒತ್ತಿದಾಗ ಮಡಿಕೆಗಳು ಮಡಚಿಕೊಳ್ಳುತ್ತವೆ, ಬಿಟ್ಟಾಗ ಬಿಚ್ಚಿಕೊಳ್ಳುತ್ತವೆ. ಪಿನ್ನು ಚುಚ್ಚಿದಾಗ ಸುತ್ತಲಿನ ಕೋಶಗಳು ಹೀಗೆ ಮಡಚಿಕೊಂಡು ಜಾಗ ಬಿಡುತ್ತವೆ, ಆದರೆ ಮರಳಿ ಬಿಚ್ಚಿಕೊಳ್ಳಲು ಯತ್ನಿಸುತ್ತ ಪಿನ್ನನ್ನು ಎಲ್ಲ ಕಡೆಯಿಂದ ಒತ್ತುತ್ತಲೇ ಇರುತ್ತವೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಪಿನ್ನಿನ ಹಿಡಿತ. ಪಿನ್ನು ತೆಗೆದರೆ ಕೋಶಗಳು ಮತ್ತೆ ಹಿಗ್ಗಿ ತೂತನ್ನು ಬಹುಪಾಲು ಮುಚ್ಚುತ್ತವೆ. ಶಾಲೆಯ ಫಲಕದ ಗುಟ್ಟು ಇದು.

ಕಾರ್ಕ್ ಬರುವುದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಂದು ಜಾತಿಯ ಓಕ್ ಮರದಿಂದ. ಪೋರ್ಚುಗಲ್ ಅದರ ದೊಡ್ಡ ಉತ್ಪಾದಕ. ಮರಕ್ಕೆ ಸುಮಾರು 25 ವರ್ಷವಾದ ಮೇಲೆ ಮೊದಲ ಸಲ ತೊಗಟೆ ಸುಲಿಯುತ್ತಾರೆ, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಮರ ಸಾಯುವುದಿಲ್ಲ, ತೊಗಟೆ ಮತ್ತೆ ಬೆಳೆಯುತ್ತದೆ. ನಮ್ಮ ರಸ್ತೆ ಬದಿಯ ಆಕಾಶಮಲ್ಲಿಗೆಗೆ ಬಿರಟೆ ಮರ ಎಂಬ ಇನ್ನೊಂದು ಹೆಸರಿದೆ. ಅದರ ಬೆಂಡಾದ ತೊಗಟೆಯಿಂದ ಕೆಳದರ್ಜೆಯ ಬಿರಟೆ ಮಾಡುತ್ತಿದ್ದುದೇ ಈ ಹೆಸರಿಗೆ ಕಾರಣ. ಓಕ್ ಮರಕ್ಕೂ ಇದಕ್ಕೂ ನೆಂಟಸ್ತಿಕೆ ಏನೂ ಇಲ್ಲ.

ಸೀಸೆಗೆ ಬಿರಟೆ ಕತ್ತರಿಸಿದ ಮೇಲೆ ತೊಗಟೆಯ ದೊಡ್ಡ ಪಾಲು ಚೂರಾಗಿ ಉಳಿಯುತ್ತದೆ. ಹಲಗೆಯ ಕಾರ್ಕ್ ಹುಟ್ಟಿದ್ದು ಈ ಕಸದಿಂದ. 1890ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಜಾನ್ ಸ್ಮಿತ್ ಎಂಬಾತ ಕಾರ್ಕ್ ತುಂಬಿದ ಜೀವರಕ್ಷಕ ಅಂಗಿ ತಯಾರಿಸುತ್ತಿದ್ದ. ಕಾರ್ಕ್ ಚೂರು ತುಂಬಿಕೊಂಡಿದ್ದ ತಗಡಿನ ಕೊಳವೆಯೊಂದು ರಾತ್ರಿ ಬಿಸಿ ಕೆಂಡದ ಮೇಲೆ ಉರುಳಿ, ಬೆಳಗ್ಗೆ ನೋಡಿದರೆ ಚೂರುಗಳೆಲ್ಲ ಬೆಸೆದು ಒಂದೇ ಕಂದು ಗಟ್ಟಿಯಾಗಿದ್ದವೆಂದು ಹೇಳುತ್ತಾರೆ. ಅಂಟು ಹಾಕಬೇಕಾಗಿಯೇ ಇರಲಿಲ್ಲ. ಬಿಸಿ ತಗುಲಿದರೆ ಕಾರ್ಕ್ ತನ್ನಲ್ಲಿನ ರಾಳದಂತಹ ವಸ್ತುಗಳಿಂದ ತಾನೇ ಬೆಸೆದುಕೊಳ್ಳುತ್ತದೆ. ಆಮೇಲೆ ಅಂಟು ಸೇರಿಸಿ ಒತ್ತುವ ವಿಧಾನಗಳೂ ಬಂದವು. ಹೀಗೆ ಅಗಲವಾದ ಹಾಳೆಗಳು ಸಿಗತೊಡಗಿ, ಶೀತಲಗೃಹಗಳ ಗೋಡೆಗೂ ಕಚೇರಿಗಳ ಸೂಚನಾ ಫಲಕಕ್ಕೂ ಬಳಕೆಯಾದವು.

ಥರ್ಮೊಕೋಲ್ ಇದೇ ಗೂಡುಗಳನ್ನು ರಸಾಯನಶಾಸ್ತ್ರದಿಂದ ಅನುಕರಿಸಿದ್ದು. ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯ ಫ್ರಿಟ್ಸ್ ಸ್ಟಾಸ್ಟ್ನಿ 1949ರ ಹೊತ್ತಿಗೆ ಪಾಲಿಸ್ಟೈರೀನ್ ಕಾಳುಗಳಲ್ಲಿ ಪೆಂಟೇನ್ ಸೇರಿಸಿ ಬಿಸಿ ಮಾಡಿದರೆ ಅವು ಅರಳು ಹುರಿದ ಹಾಗೆ ಉಬ್ಬುವುದನ್ನು ಸಾಧಿಸಿದ. ಅಂತಿಮ ವಸ್ತುವಿನ ಗಾತ್ರದಲ್ಲಿ 98 ಭಾಗ ಗಾಳಿಯೇ. ಹಗುರತನದಲ್ಲಿ ಇದು ಕಾರ್ಕನ್ನು ಮೀರಿಸಿತು. ಆದರೆ ಪಾಲಿಸ್ಟೈರೀನ್‌ನ ತೆಳು ಗೋಡೆಗಳಲ್ಲಿ ಆ ಮಡಿಕೆಗಳಿಲ್ಲ. ಒಮ್ಮೆ ಜಜ್ಜಿದರೆ ಬಹುಪಾಲು ಜಜ್ಜಿಯೇ ಉಳಿಯುತ್ತವೆ. ನನ್ನ ಹಾಳೆಯ ತೂತುಗಳು ಬಾಯಿ ತೆರೆದೇ ಇದ್ದುದು ಇದರಿಂದ. ಇನ್ನೊಂದು ತೊಂದರೆ: ಚಪ್ಪಲಿಗೆ ಹಾಕುವ ರಬ್ಬರ್ ಅಂಟು ಹಚ್ಚಿದರೆ ಅದರ ದ್ರಾವಕ ಥರ್ಮೊಕೋಲನ್ನು ಕರಗಿಸಿಬಿಡುತ್ತದೆ. ಮುರಿದ ಹಾಳೆ ಮಣ್ಣಿನಲ್ಲಿ ಕರಗುವುದೂ ಇಲ್ಲ. 2022ರ ಜುಲೈ 1ರಿಂದ ಅಲಂಕಾರದ ಥರ್ಮೊಕೋಲನ್ನು ದೇಶದಾದ್ಯಂತ ನಿಷೇಧಿಸಲಾಗಿದೆ. ಶಾಲೆಯ ವಸ್ತುಪ್ರದರ್ಶನಕ್ಕೆ ತರುವ ಮುನ್ನ ಇದು ನೆನಪಿರಲಿ.

ಹಾಗಾದರೆ ಬಾಡಿಗೆದಾರನಿಗೆ ಉಳಿದದ್ದೇನು? ಕಿರಾಣಿ ಅಂಗಡಿಯ ಹಿಂದೆ ರಾಶಿ ಬಿದ್ದಿರುವ ರಟ್ಟಿನ ಡಬ್ಬ. ಸುಕ್ಕುಗಟ್ಟಿದ ಕಾಗದಕ್ಕೆ 1856ರಲ್ಲಿ ಇಂಗ್ಲೆಂಡಿನ ಹೀಲಿ ಮತ್ತು ಆಲೆನ್ ಪೇಟೆಂಟ್ ಪಡೆದದ್ದು ಎತ್ತರದ ಟೋಪಿಗಳ ಒಳಪದರಕ್ಕಾಗಿ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಸೀಸೆಗಳಿಗೆ ಸುತ್ತಲು ಅದನ್ನು ಬಳಸಿದ. 1874ರಲ್ಲಿ ಆಲಿವರ್ ಲಾಂಗ್ ಅದಕ್ಕೆ ಚಪ್ಪಟೆ ಹಾಳೆ ಅಂಟಿಸಿ ಬಲ ತಂದ. ಇದರ ಗೂಡುಗಳು ಕಾರ್ಕಿನವುಗಳಷ್ಟು ಸಣ್ಣವಲ್ಲ, ಉದ್ದನೆಯ ಓಣಿಗಳು. ಒಂದೇ ಪದರವಾದರೆ ಪಿನ್ನು ಓಣಿಯಲ್ಲಿ ಜಾರುತ್ತದೆ. ಆದ್ದರಿಂದ ಸುಮಾರು 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದದ ಮೂರು ಹಾಳೆ ಕತ್ತರಿಸಿ, ನಡುವಿನದರ ಓಣಿಗಳು ಉಳಿದೆರಡಕ್ಕೆ ಅಡ್ಡವಾಗುವಂತೆ ಅಂಟಿಸಿ. ಪ್ಲೈವುಡ್ಡಿನ ಉಪಾಯವೇ ಇದು. ಆಗ ಪಿನ್ನು ಒಂಬತ್ತು ಕಾಗದದ ಪದರಗಳನ್ನು ದಾಟಬೇಕು, ಹಿಡಿತ ಚೆನ್ನಾಗಿರುತ್ತದೆ. ಮೈದಾ ಅಂಟಾದರೆ ಪುಸ್ತಕ ಕಟ್ಟುವವರಂತೆ ಚಿಟಿಕೆ ಮೈಲುತುತ್ತ ಸೇರಿಸಿ, ಹುಳು ಬರುವುದಿಲ್ಲ. ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ. ಎರಡು ದಿನ ಪುಸ್ತಕಗಳ ಭಾರ ಹೇರಿ ಒಣಗಿಸಿ, ಹಳೆಯ ಹತ್ತಿ ಸೀರೆಯ ತುಂಡನ್ನು ಎಳೆದು ಹೊದಿಸಿದರೆ ಫಲಕ ಸಿದ್ಧ. ತೂಕ ಒಂದು ಕಿಲೋಗ್ರಾಂ ಆಸುಪಾಸು.

ಇನ್ನು ಗೋಡೆಯ ಮಾತು. ನನ್ನ ಟೇಪು ಸೋಲಲಿಲ್ಲ, ಸೋತದ್ದು ಡಿಸ್ಟೆಂಪರ್. ಅಂಟಿನ ಸರಪಳಿಯಲ್ಲಿ ಅತಿ ದುರ್ಬಲ ಕೊಂಡಿ ಎಲ್ಲಿದೆಯೋ ಅಲ್ಲೇ ಕಿತ್ತುಬರುತ್ತದೆ. ಅಂಟು ಗಟ್ಟಿಯಾದಷ್ಟೂ ಗೋಡೆಗೆ ಅಪಾಯ. ಮೆದು ಅಂಟಿನ ಬೆಲೆ ಗೊತ್ತಾಗಿದ್ದೂ ತಡವಾಗಿಯೇ. 1968ರಲ್ಲಿ ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟನ್ನು ಹುಡುಕುತ್ತ, ಸುಲಭವಾಗಿ ಬಿಟ್ಟುಬರುವ ಅಂಟನ್ನು ಮಾಡಿಬಿಟ್ಟ. ಅದರ ಸಣ್ಣ ಸಣ್ಣ ಗೋಲಿಗಳು ಕಾಗದವನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತವೆ. 1974ರಲ್ಲಿ ಸಹೋದ್ಯೋಗಿ ಆರ್ಟ್ ಫ್ರೈ ಅದಕ್ಕೊಂದು ಉಪಯೋಗ ಕಂಡ, 1980ರಲ್ಲಿ ಅಂಟುಚೀಟಿ ಮಾರುಕಟ್ಟೆಗೆ ಬಂತು. ಎಳೆದರೆ ಹಿಗ್ಗಿ ಗೋಡೆಯಿಂದ ಬಿಡುವ ಪಟ್ಟಿಗಳೂ ಈಗ ಸಿಗುತ್ತವೆ. ನಯವಾದ ಎಣ್ಣೆಬಣ್ಣದ ಗೋಡೆಗೆ ಅವು ಸರಿ, ಸುಣ್ಣದ ಗೋಡೆಗೆ ಅಲ್ಲ.

ಹಾಗಾಗಿ ಫಲಕವನ್ನು ಅಂಟಿಸಬೇಡಿ, ತೂಗುಹಾಕಿ. ಪ್ರತಿ ಬಾಡಿಗೆ ಮನೆಯಲ್ಲೂ ಹಿಂದಿನವರ ಕ್ಯಾಲೆಂಡರ್ ಮೊಳೆ ಒಂದಾದರೂ ಇರುತ್ತದೆ. ಅದು ನಿಮ್ಮ ತಪ್ಪಲ್ಲ! ಅದೂ ಇಲ್ಲದಿದ್ದರೆ ಕಿಟಕಿಯ ಸರಳು ಅಥವಾ ಪರದೆಯ ಕಂಬಿ ಸಾಕು. ದಾರವನ್ನು ಮಾತ್ರ ಬಿಗಿಯಾಗಿ ಎಳೆದು ಕಟ್ಟಬೇಡಿ. ಒಂದೇ ಮೊಳೆಯಿಂದ ಇಳಿಯುವ ದಾರದ ಎರಡೂ ತುದಿ ಅಡ್ಡಗೆರೆಯೊಂದಿಗೆ 30 ಡಿಗ್ರಿ ಕೋನ ಮಾಡಿದರೆ ಪ್ರತಿ ತುದಿಯ ಸೆಳೆತ ಫಲಕದ ತೂಕದಷ್ಟು. ಕೋನ 10 ಡಿಗ್ರಿಗೆ ಇಳಿದರೆ ಅದು ತೂಕದ ಮೂರರಷ್ಟರ ಹತ್ತಿರ ಹೋಗುತ್ತದೆ, ರಟ್ಟಿನ ತೂತು ಹರಿಯುತ್ತದೆ. ಮಲೆನಾಡು, ಕರಾವಳಿಯಲ್ಲಿರುವವರು ಮಳೆಗಾಲದಲ್ಲಿ ಫಲಕ ಗೋಡೆಗೆ ತಾಗದಂತೆ ಹಿಂದೆ ಎರಡು ಬಿರಟೆ ಅಂಟಿಸಿ ಗಾಳಿಗೆ ಜಾಗ ಬಿಡಿ. ಆದರೂ ಬಾಗಿದರೆ ಬಿಚ್ಚಿ ಹಿಂದುಮುಂದಾಗಿ ತೂಗುಹಾಕಿ, ಬಹುಮಟ್ಟಿಗೆ ನೆಟ್ಟಗಾಗುತ್ತದೆ.