ಸ್ಪೆಲಿಂಗ್ ತಪ್ಪಿಗೆ ಸಿಟ್ಟು ಬಂದ ಕಾಲ

ರಿಸೀವ್ ಪದದಲ್ಲಿ ಇ ಮತ್ತು ಐ ಅದಲುಬದಲಾದರೆ, ಇಟ್ಸ್ ಪದಕ್ಕೆ ಬೇಡದ ಕಡೆ ಅಪಾಸ್ಟ್ರಫಿ ಬಿದ್ದರೆ ಇಂಗ್ಲಿಷ್ ಬಲ್ಲವರ ಹುಬ್ಬು ಗಂಟಿಕ್ಕುತ್ತದೆ. ಬರೆದವನು ಏನು ಹೇಳುತ್ತಿದ್ದಾನೆ ಎಂಬುದು ಹಿಂದೆ ಸರಿದು, ಅವನು ಎಷ್ಟು ಓದಿದವನು ಎಂಬ ಲೆಕ್ಕಾಚಾರ ಮುಂದೆ ಬರುತ್ತದೆ. ಆದರೆ ಈ ಸಿಟ್ಟು ಇಂಗ್ಲಿಷಿನಷ್ಟು ಹಳೆಯದಲ್ಲ. ಶೇಕ್ಸ್‌ಪಿಯರನದೆಂದು ಸಾಮಾನ್ಯವಾಗಿ ಒಪ್ಪಿರುವ ಸಹಿಗಳು ಆರು. ಅವುಗಳಲ್ಲಿ ಅವನ ಹೆಸರಿನ ಅಕ್ಷರಗಳೇ ಒಂದೇ ತೆರನಾಗಿಲ್ಲ. 1604ರಲ್ಲಿ ರಾಬರ್ಟ್ ಕಾಡ್ರಿ ಕಠಿಣ ಪದಗಳ ನಿಘಂಟೊಂದನ್ನು ಹೊರತಂದಾಗ ಅದರ ಶೀರ್ಷಿಕೆ ಪುಟದಲ್ಲೇ ವರ್ಡ್ಸ್ ಎಂಬ ಪದ ಒಮ್ಮೆ ಇ ಸೇರಿಸಿಕೊಂಡು, ಇನ್ನೊಮ್ಮೆ ಇ ಬಿಟ್ಟು ಅಚ್ಚಾಯಿತು. ಪದಗಳನ್ನು ಸರಿಯಾಗಿ ಬರೆಯಲು ಕಲಿಸುತ್ತೇನೆಂದು ಹೇಳಿಕೊಂಡದ್ದೂ ಅದೇ ಪುಟ!

ಹಾಗಿದ್ದರೆ ಇಂದು ನಾವು ಯಾವ ನಿಯಮದ ಪರವಾಗಿ ಕೋಪಿಸಿಕೊಳ್ಳುತ್ತಿದ್ದೇವೆ? ಅದನ್ನು ಯಾರೂ ಕೂತು ಯೋಚಿಸಿ ರೂಪಿಸಿದ್ದಲ್ಲ. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ. ಅದಕ್ಕೆ ಮೊದಲು ಬಹುಕಾಲ ಬ್ರೂಜ್ ನಗರದಲ್ಲಿ ಇದ್ದವನು. ಘೋಸ್ಟ್ ಪದದೊಳಗೆ ಎಚ್ ನುಸುಳಿದ್ದು ಆ ಕಡೆಯ ಫ್ಲೆಮಿಷ್ ಬರವಣಿಗೆಯ ರೂಢಿಯಿಂದ. (ಕನ್ನಡದಲ್ಲಿ ಅದನ್ನು ಮಹಾಪ್ರಾಣ ಹಾಕಿ ಬರೆಯುವುದೂ ಆ ಮುದ್ರಕರ ಕೃಪೆಯೇ.) ಅಚ್ಚಿನಲ್ಲಿ ಅಕ್ಷರಗಳು ನೆಲೆಗೊಳ್ಳುತ್ತಿದ್ದ ಹೊತ್ತಿನಲ್ಲೇ ಜನರ ನಾಲಿಗೆಯ ಮೇಲೆ ಸ್ವರಗಳು ಬದಲಾಗುತ್ತಿದ್ದವು, ಉಚ್ಚಾರ ಮುಂದೆ ಹೋಯಿತು, ಕಾಗುಣಿತ ಹಿಂದೆಯೇ ಉಳಿಯಿತು. ಅದರ ಮೇಲೆ ಲ್ಯಾಟಿನ್ ಮೋಹದ ವಿದ್ವಾಂಸರು ಕೈಯಾಡಿಸಿದರು. ಫ್ರೆಂಚಿನಿಂದ ಬಿ ಇಲ್ಲದೆಯೇ ಬಂದಿದ್ದ ಡೆಟ್, ಡೌಟ್ ಪದಗಳಿಗೆ ಲ್ಯಾಟಿನ್ ಮೂಲ ತೋರಿಸಲೆಂದು ಬಿ ತುರುಕಿದರು. ರಿಸೀಟ್‌ಗೆ ಪಿ ಅಂಟಿಕೊಂಡಿತು, ಅದೇ ಮನೆತನದ ಡಿಸೀಟ್, ಕನ್ಸೀಟ್‌ಗಳಿಗೆ ಅದು ದಕ್ಕಲಿಲ್ಲ. ಐಲಂಡ್ ಕತೆಯಂತೂ ಶುದ್ಧ ಎಡವಟ್ಟು. ಅದು ಇಂಗ್ಲಿಷಿನದೇ ಹಳೆಯ ಪದ; ಲ್ಯಾಟಿನಿನ ಇನ್ಸುಲಾಗೂ ಅದಕ್ಕೂ ನಂಟಿಲ್ಲ. ನಂಟಿದೆಯೆಂದು ಭ್ರಮಿಸಿ ಸೇರಿಸಿದ ಎಸ್ ಈಗ ಬಿಟ್ಟುಹೋದರೆ ಮಾರ್ಕು ಕಳೆಯುತ್ತಾರೆ.

ತಪ್ಪಿಗೆ ಅವಮಾನದ ಬಣ್ಣ ಬಳಿದದ್ದು ಹದಿನೆಂಟನೆಯ ಶತಮಾನ. 1750ರಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ಮಗನಿಗೆ ಬರೆದ ಪತ್ರವೊಂದರಲ್ಲಿ, ಹೋಲ್‌ಸಮ್ ಪದದ ಡಬ್ಲ್ಯು ಬಿಟ್ಟು ಬರೆದು ಆ ನಗೆಪಾಟಲಿನಿಂದ ಚೇತರಿಸಿಕೊಳ್ಳದ ಒಬ್ಬ ಶ್ರೀಮಂತನನ್ನು ಎಚ್ಚರಿಕೆಯಾಗಿ ತೋರಿಸುತ್ತಾನೆ. ಅಲ್ಲಿ ಭಾಷೆಗೆ ಹಾನಿಯಾಯಿತೆಂಬ ಚಿಂತೆಯಿಲ್ಲ, ದರ್ಜೆ ಜಾರೀತೆಂಬ ಭಯವಿದೆ. ತಮಾಷೆಯೆಂದರೆ ಆ ಡಬ್ಲ್ಯು ಹಳೆಯ ಇಂಗ್ಲಿಷಿನಲ್ಲಿ ಇರಲೇ ಇಲ್ಲ, ನಡುವೆ ಬಂದು ಸೇರಿಕೊಂಡದ್ದು. 1755ರಲ್ಲಿ ಸ್ಯಾಮುಯೆಲ್ ಜಾನ್ಸನ್ನನ ನಿಘಂಟು ಬಂದ ಮೇಲೆ ಸರಿ-ತಪ್ಪು ನೋಡಲು ಎಲ್ಲರಿಗೂ ಒಂದು ಆಧಾರ ಸಿಕ್ಕಿತು, ಆ ಆಧಾರದೊಳಗೇ ಅಪ್‌ಹಿಲ್‌ಗೆ ಎರಡು ಎಲ್, ಡೌನ್‌ಹಿಲ್‌ಗೆ ಒಂದೇ ಇದ್ದರೂ. ಅಪಾಸ್ಟ್ರಫಿಯ ಕಟ್ಟಳೆ ಇನ್ನೂ ತಡವಾಗಿ ಬಿಗಿಯಾಯಿತು. ‘ಅದರ’ ಎಂಬ ಅರ್ಥದ ಇಟ್ಸ್‌ಗೆ ಅಪಾಸ್ಟ್ರಫಿ ಹಾಕುತ್ತಿದ್ದವರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ ಥಾಮಸ್ ಜೆಫರ್ಸನ್ ಕೂಡ ಒಬ್ಬ.

ಒಂದೇ ಕಾಗುಣಿತವಿಲ್ಲದಿದ್ದರೆ ಓದು ತಡವರಿಸುತ್ತದೆ, ನಿಘಂಟಿನಲ್ಲಿ ಪದ ಹುಡುಕುವುದೇ ಕಷ್ಟ ಎಂದು ವಾದಿಸಬಹುದು. ಒಪ್ಪತಕ್ಕ ಮಾತು. ಉಚ್ಚಾರವಿಲ್ಲದ ಅಕ್ಷರಕ್ಕೂ ಕೆಲವೊಮ್ಮೆ ಕೆಲಸವಿದೆ: ಸೈನ್ ಪದದಲ್ಲಿ ಮೂಕವಾಗಿ ಕೂತ ಜಿ, ಸಿಗ್ನೇಚರ್ ಅದರ ಬಳಗವೆಂದು ಕಣ್ಣಿಗೆ ಹೇಳುತ್ತದೆ. ಆದರೆ ಇವೆಲ್ಲ ತಿದ್ದುವುದಕ್ಕೆ ಕಾರಣಗಳೇ ಹೊರತು ತಾತ್ಸಾರಕ್ಕಲ್ಲ. ಅನುಕೂಲವೊಂದೇ ಮುಖ್ಯವಾಗಿದ್ದರೆ ಸುಲಭಗೊಳಿಸುವ ಪ್ರಯತ್ನಗಳಿಗೆ ಸ್ವಾಗತ ಸಿಗಬೇಕಿತ್ತು. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಸರಳ ರೂಪಗಳನ್ನು ಬಳಸುವಂತೆ ಸರ್ಕಾರಿ ಮುದ್ರಣಾಲಯಕ್ಕೆ ಆದೇಶಿಸಿದ. ಪತ್ರಿಕೆಗಳು ಗೇಲಿ ಮಾಡಿದವು, ಡಿಸೆಂಬರಿನಲ್ಲಿ ಜನಪ್ರತಿನಿಧಿ ಸಭೆ ವಿರೋಧ ನಿರ್ಣಯ ಮಾಡಿತು, ಅಧ್ಯಕ್ಷ ಹಿಂದೆ ಸರಿದ. ಪಟ್ಟಿಯಲ್ಲಿದ್ದ ಕಲರ್, ಆನರ್ ಮುಂತಾದವು ಆ ದೇಶದಲ್ಲಿ ಆಗಲೇ ಯು ಕಳಚಿಕೊಂಡು ಮರ್ಯಾದೆಯಿಂದ ಓಡಾಡುತ್ತಿದ್ದವು. ಬಾಲ ಕತ್ತರಿಸಿದ ದೋ, ಥ್ರೂ ಪದಗಳು ಅಕ್ಷರ ಉಳಿಸುತ್ತಿದ್ದವು, ಉಚ್ಚಾರಕ್ಕೂ ಹತ್ತಿರವಿದ್ದವು. ಶಾಲೆ ಕಾಣದವನ ಬರಹದಂತೆ ಕಂಡದ್ದೇ ಅವುಗಳ ಅಪರಾಧ.