ಹೊನ್ನು, ಹುಂಡಿ, ಬಿಟ್‌ಕಾಯಿನ್: ಕೊಂಢವಾದಲ್ಲಿ ಕೇಳಿಬರುವ ಪ್ರಶ್ನೆಗಳು

ಪುಣೆಯ ದಕ್ಷಿಣ ಅಂಚಿನಲ್ಲಿರುವ ಕೊಂಢವಾ ಮೊದಲು ಎರಡು ಹಳ್ಳಿಗಳಾಗಿತ್ತು. ಒಂದು ಖುರ್ದ್, ಇನ್ನೊಂದು ಬುದ್ರುಕ್. ಚಿಕ್ಕದು, ದೊಡ್ಡದು ಎಂಬ ಅರ್ಥದ ಪಾರಸಿ ಮೂಲದ ಮಾತುಗಳಿವು. ಹೊಲಗಳಿದ್ದಲ್ಲಿ ಈಗ ಬಹುಮಹಡಿ ವಸತಿ ಸಂಕೀರ್ಣಗಳು ಎದ್ದಿವೆ. ಊರಿನ ಗುರುತಿನ ರಸ್ತೆಗೆ ಮಾತ್ರ ಒಂದು ವಿಲಕ್ಷಣ ಹೆಸರು: ಎನ್‌ಐಬಿಎಂ ರಸ್ತೆ. ರಿಸರ್ವ್ ಬ್ಯಾಂಕಿನ ಮುತುವರ್ಜಿಯಿಂದ 1969ರಲ್ಲಿ ಹುಟ್ಟಿದ ರಾಷ್ಟ್ರೀಯ ಬ್ಯಾಂಕ್ ನಿರ್ವಹಣಾ ಸಂಸ್ಥೆಯ ಆವರಣ ಕೊಂಢವಾ ಖುರ್ದ್‌ನಲ್ಲಿರುವುದೇ ಇದಕ್ಕೆ ಕಾರಣ. ಬ್ಯಾಂಕಿನ ಅಧಿಕಾರಿಗಳಿಗೆ ಸಾಲ, ಠೇವಣಿ, ನಷ್ಟಭಯಗಳ ಪಾಠ ಹೇಳುವ ಸಂಸ್ಥೆಯದು. ಅದೇ ರಸ್ತೆಯ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡ ಮನೆಗಳಲ್ಲಿ ಕೆಲವು ವರ್ಷಗಳಿಂದ ಬೇರೊಂದು ಬಗೆಯ ಪ್ರಶ್ನೆಗಳು ಕೇಳಿಬರುತ್ತಿವೆ. ಬಿಟ್‌ಕಾಯಿನ್ ಎಂದರೆ ಏನು? ಅದನ್ನು ಅಚ್ಚು ಹಾಕುವವರು ಯಾರು? ಎಲ್ಲಿ ಇಟ್ಟುಕೊಳ್ಳಬೇಕು? ಕಳೆದುಹೋದರೆ ಯಾರನ್ನು ಕೇಳಬೇಕು? ಸರಕಾರ ಒಪ್ಪುತ್ತದೆಯೆ? ಎಷ್ಟು ಲಾಭ ಬರುತ್ತದೆ?

ಇವು ಹೊಸಬರ ಪ್ರಶ್ನೆಗಳು ಎಂದು ಬಲ್ಲವರು ನಗುವುದುಂಟು. ನಮಗೆ ಹಾಗೆನ್ನಿಸುವುದಿಲ್ಲ. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಈ ನೆಲದಲ್ಲಿ ನೂರಾರು ವರ್ಷಗಳಿಂದ ಹಣದ ಬಗ್ಗೆ ಜನ ಕೇಳಿಕೊಂಡು ಬಂದ ಪ್ರಶ್ನೆಗಳೇ ಆಗಿವೆ.

ಹಣ ಎಂಬ ನಮ್ಮ ಮಾತೇ ಒಂದು ನಾಣ್ಯದ ಹೆಸರು. ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸ ಎಂದು ಮೇಲಿನಿಂದ ಕೆಳಗಿಳಿಯುವ ಲೆಕ್ಕದಲ್ಲಿ ಬರುವ ಪಣವೇ ಹಣವಾಯಿತು. ದಾನಶಾಸನ ಬರೆಸಿದವರು ಬರಿದೆ ಗದ್ಯಾಣ ಎಂದು ಹೇಳಿ ಸುಮ್ಮನಾಗದೆ ಲೊಕ್ಕಿ ಗದ್ಯಾಣ ಎಂದು ಬಿಡಿಸಿ ಬರೆಸುತ್ತಿದ್ದರು; ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಟಂಕಸಾಲೆಯ ಮೇಲೆ ಜನರಿಗಿದ್ದ ಭರವಸೆ ಆ ವಿಶೇಷಣದಲ್ಲಿದೆ. ಶಿವಾಜಿ ಮಹಾರಾಜರು 1674ರಲ್ಲಿ ರಾಯಗಡದಲ್ಲಿ ಪಟ್ಟಾಭಿಷಿಕ್ತರಾದಾಗ ಹೊರತಂದ ಚಿನ್ನದ ನಾಣ್ಯದ ಹೆಸರು ಹೋನ್. ಅದು ನಮ್ಮ ಹೊನ್ನೇ. ಘಟ್ಟದ ಆಚೆಯವರು ನಮ್ಮಿಂದ ಪಡೆದ ಪದಗಳಲ್ಲಿ ಇದು ತಕ್ಕಮಟ್ಟಿಗೆ ಬೆಲೆಯುಳ್ಳದ್ದು ಎಂದು ಹೆಮ್ಮೆಪಟ್ಟುಕೊಳ್ಳಲು ಅಡ್ಡಿಯಿಲ್ಲ.

ಪೇಶ್ವೆಗಳ ಕಾಲಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಒಂದು ಸೀಮೆಯ ರೂಪಾಯಿ ಇನ್ನೊಂದು ಸೀಮೆಯಲ್ಲಿ ಅದೇ ಬೆಲೆಗೆ ನಡೆಯುತ್ತಿರಲಿಲ್ಲ. ಅಂಕುಶದ ಗುರುತಿನ ಪುಣೆಯ ರೂಪಾಯಿಯನ್ನು ಬೇರೊಂದು ರೂಪಾಯಿಗೆ ಬದಲಿಸುವಾಗ ವಟ್ಟ ಕಳೆಯಬೇಕಾಗುತ್ತಿತ್ತು. ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ನಾದ ಕೇಳಿ, ಒರೆಗಲ್ಲಿಗೆ ತಿಕ್ಕಿ ಬಣ್ಣ ನೋಡಿ, ಇಂತಿಷ್ಟೆಂದು ವಟ್ಟ ನಿರ್ಧರಿಸುತ್ತಿದ್ದವನು ಚಿನಿವಾರ, ಮರಾಠಿಯಲ್ಲಿ ಸರಾಫ. ಧಾರವಾಡ ಸೀಮೆಯಲ್ಲಂತೂ ಖಾಸಗಿ ಟಂಕಸಾಲೆಗಳು ಹೆಚ್ಚಿ ಕಳಪೆ ನಾಣ್ಯ ಪೇಟೆಗೆ ಬಂದುದರಿಂದ 1760ರ ಸುಮಾರಿಗೆ ಪೇಶ್ವೆ ಸರಕಾರ ಅವುಗಳನ್ನು ಮುಚ್ಚಿಸಬೇಕಾಯಿತು. ಕಂಪನಿ ಸರಕಾರ 1835ರಲ್ಲಿ 180 ಗ್ರೇನ್ ತೂಕದ ಒಂದೇ ಬಗೆಯ ರೂಪಾಯಿಯನ್ನು ತನ್ನ ಆಳ್ವಿಕೆಯ ಎಲ್ಲೆಡೆಗೆ ಗೊತ್ತುಮಾಡಿದ ಮೇಲೆ ಚಿನಿವಾರನ ಈ ಕಸಬು ಮೆಲ್ಲನೆ ಕ್ಷೀಣಿಸಿತು. ಧಾರವಾಡದ ಖಾಸಗಿ ಟಂಕಸಾಲೆಗಳನ್ನು ಓದುಗರು ನೆನಪಿನಲ್ಲಿಡಬೇಕು. ಪುಣೆಯ ಇತ್ತೀಚಿನ ಒಂದು ಪ್ರಕರಣದಲ್ಲಿ ಅವು ಮತ್ತೆ ನಮಗೆ ಬೇಕಾಗುತ್ತವೆ.

ಈಗ ಮೊದಲ ಪ್ರಶ್ನೆ. ಬಿಟ್‌ಕಾಯಿನ್ ನಾಣ್ಯವಲ್ಲ, ಒಂದು ಕಡತ. ಹಳೆಯ ಕಾಲದ ಕಡತಗಳು ಮಸಿ ಬಳಿದು ಗಟ್ಟಿಮಾಡಿದ ಬಟ್ಟೆಯ ಮಡಿಕೆಗಳು; ಬಳಪದಿಂದ ಬರೆದ ಲೆಕ್ಕವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಅದನ್ನು ಇಟ್ಟುಕೊಂಡವನ ಪ್ರಾಮಾಣಿಕತೆಯೇ ಲೆಕ್ಕಕ್ಕೆ ಆಧಾರ. ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಅಡಗಿಕೊಂಡ ವ್ಯಕ್ತಿಯೋ ಗುಂಪೋ 2008ರ ಅಕ್ಟೋಬರ್ 31ರಂದು ಪ್ರಕಟಿಸಿದ ಲೇಖನ ಸೂಚಿಸಿದ್ದು ಇದಕ್ಕೆ ತದ್ವಿರುದ್ಧವಾದ ಏರ್ಪಾಡನ್ನು. ಒಂದೇ ಕಡತದ ಪ್ರತಿ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತದೆ. ಸುಮಾರು 10 ನಿಮಿಷಕ್ಕೊಮ್ಮೆ ಹೊಸ ಪುಟವೊಂದು ಸೇರುತ್ತದೆ. ಸೇರಿದ ಪುಟವನ್ನು ಒರೆಸಲು ಕಾರ್ಯತಃ ಸಾಧ್ಯವಿಲ್ಲ. 2009ರ ಜನವರಿ 3ರಂದು ಮೊದಲ ಪುಟ ಬಿತ್ತು. ಪುಟ ಸೇರಿಸುವ ಹಕ್ಕಿಗಾಗಿ ಯಂತ್ರಗಳು ಒಂದು ಕಠಿಣ ಗಣಿತದ ಪಂದ್ಯದಲ್ಲಿ ಸ್ಪರ್ಧಿಸುತ್ತವೆ, ಗೆದ್ದ ಯಂತ್ರದ ಒಡೆಯನಿಗೆ ಹೊಸ ನಾಣ್ಯ ಸಂಭಾವನೆಯಾಗಿ ಸಲ್ಲುತ್ತದೆ. ಗಣಿಗಾರಿಕೆ ಎಂಬ ಹೆಸರು ಇದಕ್ಕೇ. ಸಂಭಾವನೆ ಆರಂಭದಲ್ಲಿ ಪುಟವೊಂದಕ್ಕೆ 50 ನಾಣ್ಯ. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ಅರ್ಧಕ್ಕಿಳಿದು 2024ರಿಂದ 3.125 ಆಗಿದೆ. ಒಟ್ಟು ನಾಣ್ಯಗಳು 2.1 ಕೋಟಿಯನ್ನು ಮೀರವು. ಇಡೀ ನಾಣ್ಯವನ್ನೇ ಕೊಳ್ಳಬೇಕಾಗಿಲ್ಲ, ಒಂದನ್ನು 10 ಕೋಟಿ ಭಾಗ ಮಾಡಬಹುದು. ನಮ್ಮ ವೀಸದ ಲೆಕ್ಕ ಇದರ ಮುಂದೆ ಏನೇನೂ ಅಲ್ಲ.

ಚಿನಿವಾರ, ಸಾಹುಕಾರ, ಬ್ಯಾಂಕು, ಖಜಾನೆ ಯಾರನ್ನೂ ನಂಬಬೇಕಾಗಿಲ್ಲ ಎಂಬುದು ಈ ಏರ್ಪಾಡಿನ ಹೆಗ್ಗಳಿಕೆ. ಕಡತದ ಮಟ್ಟಿಗೆ ಆ ಮಾತು ನಿಜ. ಆದರೆ ಕಡತದಲ್ಲಿ ಹೆಸರುಗಳಿಲ್ಲ, ಕೀಲಿಗಳಿವೆ. ಅಂಕಿ ಅಕ್ಷರಗಳ ಒಂದು ಉದ್ದನೆಯ ಗುಟ್ಟು, ಅಥವಾ ಅದನ್ನು ಮತ್ತೆ ಹುಟ್ಟಿಸಬಲ್ಲ 12 ಇಲ್ಲವೆ 24 ಪದಗಳ ಸಾಲು ಯಾರಿಗೆ ಗೊತ್ತೋ ಅವರೇ ಒಡೆಯರು. ವಾಲೆಟ್ ಎಂದು ಕರೆಯುವುದು ನಾಣ್ಯದ ಚೀಲವನ್ನಲ್ಲ, ಈ ಗುಟ್ಟನ್ನು ಕಾಯುವ ಪೆಟ್ಟಿಗೆಯನ್ನು. ಹೀಗಾಗಿ ಕಳೆದುಹೋದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಎಲ್ಲಕ್ಕಿಂತ ತೂಕದ್ದು. ಪುಣೆಯ ಪೇಠಗಳಲ್ಲಿ ಹುಂಡಿ ನಡೆಯುತ್ತಿದ್ದ ಕಾಲದಲ್ಲಿ ಇದಕ್ಕೆ ಕ್ರಮಬದ್ಧವಾದ ಉತ್ತರವಿತ್ತು. ಹುಂಡಿ ಕಳೆದರೆ ಅದರ ಎರಡನೆಯ ಪ್ರತಿಯಾದ ಪೇಠ್ ಬರೆಸಬಹುದು, ಅದೂ ಕಳೆದರೆ ಪರಪೇಠ್. ಶಾಹ ಜೋಗ ಎಂದು ಬರೆದ ಹುಂಡಿಯ ಹಣವನ್ನು ಪೇಟೆ ಬಲ್ಲ ಮರ್ಯಾದಸ್ಥನ ಕೈಗಲ್ಲದೆ ಕೊಡುವಂತಿರಲಿಲ್ಲ. ಕದ್ದವನು ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಬಿಟ್‌ಕಾಯಿನ್ನಿಗೆ ಪೇಠ್ ಇಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಪೋರ್ಟ್‌ನಲ್ಲಿ 2013ರಲ್ಲಿ ಒಬ್ಬರ ಹಾರ್ಡ್ ಡಿಸ್ಕ್ ಊರ ಕಸದ ಗುಡ್ಡ ಸೇರಿತು. ಸುಮಾರು 8,000 ನಾಣ್ಯಗಳ ಕೀಲಿ ಅದರಲ್ಲಿತ್ತೆಂದು ಅವರ ಅಳಲು. ಗುಡ್ಡ ಅಗೆಯಲು ಅನುಮತಿ ಬೇಡಿ ಹೂಡಿದ ದಾವೆಯನ್ನು 2025ರ ಜನವರಿಯಲ್ಲಿ ನ್ಯಾಯಾಲಯ ತಳ್ಳಿಹಾಕಿತು. ನಮ್ಮ ಹೊಲಗಳಲ್ಲಿ ಹೂತ ವರಾಹದ ಗಡಿಗೆಯಾದರೂ ಎಂದಾದರೊಂದು ದಿನ ನೇಗಿಲಿಗೆ ತಗಲುತ್ತಿತ್ತು.

ಸರಕಾರದ ಮಾತನ್ನು ಬೇಗ ಮುಗಿಸಬಹುದು. ರಿಸರ್ವ್ ಬ್ಯಾಂಕು 2013ರ ಡಿಸೆಂಬರ್ 24ರಂದು ಮೊದಲ ಎಚ್ಚರಿಕೆ ಕೊಟ್ಟಿತು. 2018ರ ಏಪ್ರಿಲ್ 6ರ ಸುತ್ತೋಲೆಯಲ್ಲಿ ಇಂಥ ವ್ಯವಹಾರಕ್ಕೆ ನೆರವಾಗಕೂಡದೆಂದು ಬ್ಯಾಂಕುಗಳಿಗೆ ಕಟ್ಟಪ್ಪಣೆ ಮಾಡಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದುಪಡಿಸಿತು. ಕೊಳ್ಳುವುದು, ಮಾರುವುದು ಅಪರಾಧವಲ್ಲ. ಆದರೆ ಇದು ಚಲಾವಣೆಯ ಹಣವೂ ಅಲ್ಲ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30 ತೆರಿಗೆ, ಜುಲೈ 1ರಿಂದ ಮಾರಾಟದ ಮೊತ್ತದಲ್ಲೇ ಶೇ 1 ಕಡಿತ. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಈ ಕೊನೆಯ ನಿಯಮವನ್ನು ತಿಳಿಯದೆ ದಿನಕ್ಕೆ ಹತ್ತು ಸಲ ಕೊಂಡು ಮಾರುವವರಿಗೆ ವರ್ಷದ ಕೊನೆಯಲ್ಲಿ ಕಣ್ಣು ಕತ್ತಲೆ ಬರುತ್ತದೆ. ಕನ್ನಡ ನಾಡಿನದೇ ಆದ ಯೂನೊಕಾಯಿನ್ 2013ರಲ್ಲಿ ತುಮಕೂರಿನಲ್ಲಿ ಆರಂಭವಾದ ಎಕ್ಸ್‌ಚೇಂಜ್, ದೇಶದ ಮೊದಮೊದಲಿನವುಗಳಲ್ಲಿ ಒಂದು. ಅದು 2018ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಇಟ್ಟ ಯಂತ್ರವನ್ನು ಪೊಲೀಸರು ಹೊತ್ತೊಯ್ದು ಸ್ಥಾಪಕರಲ್ಲೊಬ್ಬರನ್ನು ಬಂಧಿಸಿದ್ದು ಆ ಗೊಂದಲದ ದಿನಗಳ ಒಂದು ಪ್ರಸಂಗ.

ಎಕ್ಸ್‌ಚೇಂಜಿನಲ್ಲಿ ಕೊಂಡಿಟ್ಟ ನಾಣ್ಯದ ಕೀಲಿ ಸಾಮಾನ್ಯವಾಗಿ ಎಕ್ಸ್‌ಚೇಂಜಿನ ಬಳಿಯೇ ಇರುತ್ತದೆ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಆಸ್ತಿ ಕಳುವಾದಾಗ ಗ್ರಾಹಕರು ತಮ್ಮ ನಾಣ್ಯಕ್ಕಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದರು. ಬ್ಯಾಂಕುಗಳೂ ಮುಳುಗುತ್ತವೆ, ಪುಣೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಲ್ಲಿನ ರುಪೀ ಸಹಕಾರಿ ಬ್ಯಾಂಕಿನ ಪರವಾನಗಿ 2022ರಲ್ಲಿ ರದ್ದಾಯಿತು. ಅಲ್ಲಿ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆ ಇತ್ತು. ಎಕ್ಸ್‌ಚೇಂಜಿನಲ್ಲಿಟ್ಟದ್ದಕ್ಕೆ ಅದೂ ಇಲ್ಲ.

ಉಳಿದದ್ದು ಲಾಭದ ಪ್ರಶ್ನೆ. ಇದರ ಉತ್ತರ ಪುಣೆಯ ಪೊಲೀಸ್ ಠಾಣೆಗಳಲ್ಲಿದೆ. ಅಮಿತ್ ಭಾರದ್ವಾಜ್ ಮತ್ತು ಸಂಗಡಿಗರು 2015ರ ಸುಮಾರಿಗೆ ಆರಂಭಿಸಿದ ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ, ಹೂಡಿದ ಬಿಟ್‌ಕಾಯಿನ್ನಿನ ಮೇಲೆ ತಿಂಗಳಿಗೆ ಶೇ 10ರಂತೆ 18 ತಿಂಗಳು ಕೊಡುವ ಮಾತು ಕೊಟ್ಟಿತು. ಒಂದು ನಾಣ್ಯ ಕೊಟ್ಟವನಿಗೆ 1.8 ನಾಣ್ಯ. ಗಣಿಗಾರಿಕೆಯಿಂದ ಇದು ಬರುತ್ತದೆ ಎಂಬ ವಿವರಣೆ. ಕೂಡುವ ಕಳೆಯುವ ಲೆಕ್ಕ ಬಲ್ಲವರು ಒಂದು ಕಾಗದ ತೆಗೆದುಕೊಂಡಿದ್ದರೆ ಸಾಕಿತ್ತು. 2016ರ ಜುಲೈನಲ್ಲಿ ಸಂಭಾವನೆ 25ರಿಂದ 12.5ಕ್ಕೆ ಇಳಿದ ಮೇಲೆ ಇಡೀ ಜಗತ್ತಿಗೆ ದಿನವೊಂದಕ್ಕೆ ಹುಟ್ಟುತ್ತಿದ್ದ ಹೊಸ ನಾಣ್ಯ ಸುಮಾರು 1,800. ಅದಕ್ಕಾಗಿ ಎಲ್ಲ ದೇಶಗಳ ಯಂತ್ರಗಳೂ ಪೈಪೋಟಿಯಲ್ಲಿದ್ದವು. ಹುಟ್ಟುವಳಿ ಅರ್ಧವಾದ ಗಣಿಯಿಂದ ತಿಂಗಳು ತಿಂಗಳೂ ಕುಂದದ ಆದಾಯದ ಭಾಷೆ ಕೊಡುವುದು ಹೇಗೆ?

ಆದರೆ ಜನ ಹೂಡಿದ್ದು ಲೆಕ್ಕ ನೋಡಿ ಅಲ್ಲ, ಮುಖ ನೋಡಿ. ಹೊಸಬರನ್ನು ತಂದವರಿಗೆ ಪಾಲು ಸಿಗುವ ಸರಪಳಿ ಯೋಜನೆಯದು. ಬಂದು ಹೇಳುವವರು ಬಂಧುಗಳೋ ಸಹೋದ್ಯೋಗಿಗಳೋ ಆಗಿರುತ್ತಿದ್ದರು. ಕರಾವಳಿಯಿಂದ ಬಂದ ಕುಟುಂಬಗಳಿಗೆ ಇಲ್ಲಿ ಒಂದು ಹಳೆಯ ನೆನಪು ಮರುಕಳಿಸಬಹುದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದ ಪಿಗ್ಮಿ ಸಂಗ್ರಾಹಕ ಕೂಡ ಪರಿಚಿತ ಮುಖವೇ. ಬಾಗಿಲಿಗೆ ಬಂದವನನ್ನು ನಂಬಿ ಎರಡು ತಲೆಮಾರು ಮನೆ ಕಟ್ಟಿತು, ಮಕ್ಕಳನ್ನು ಓದಿಸಿತು. ಆ ನಂಬಿಕೆಯನ್ನು ದಡ್ಡತನವೆಂದು ಹಳಿಯಲು ನಾವು ಸಿದ್ಧರಿಲ್ಲ. ವ್ಯತ್ಯಾಸವಿದ್ದದ್ದು ಮುಖದ ಹಿಂದೆ: ಪಿಗ್ಮಿಯವನ ಬೆನ್ನಿಗೆ ಒಂದು ಬ್ಯಾಂಕು, ಒಂದು ಪಾಸ್‌ಬುಕ್ಕು, ಹೋಗಿ ಜಗಳವಾಡಬಹುದಾದ ಒಂದು ಕಚೇರಿ ಇದ್ದವು.

2017ರಲ್ಲಿ ಬಿಟ್‌ಕಾಯಿನ್ನಿನ ಬೆಲೆ ಗಗನಕ್ಕೇರಿದಾಗ ಗೇನ್‌ಬಿಟ್‌ಕಾಯಿನ್ ಹೂಡಿಕೆದಾರರಿಗೆ ಬಿಟ್‌ಕಾಯಿನ್ ಕೊಡುವುದನ್ನು ಬಿಟ್ಟು ಎಂಕ್ಯಾಪ್ ಎಂಬ ತನ್ನದೇ ನಾಣ್ಯವನ್ನು ಕೊಡತೊಡಗಿತು. ಹೊರಗೆ ಅದರ ಬೆಲೆ ತೀರ ಅಲ್ಪ. ಧಾರವಾಡದ ಖಾಸಗಿ ಟಂಕಸಾಲೆಯ ಕಳಪೆ ನಾಣ್ಯ ಹೊಸ ವೇಷದಲ್ಲಿ ಬಂದಿತ್ತು, ಬಡಿದು ನಾದ ಕೇಳುವ ಚಿನಿವಾರ ಮಾತ್ರ ಇರಲಿಲ್ಲ. ದತ್ತವಾಡಿ ಮತ್ತು ನಿಗಡಿ ಠಾಣೆಗಳಲ್ಲಿ ದೂರು ದಾಖಲಾಗಿ, 2018ರ ಏಪ್ರಿಲಿನಲ್ಲಿ ಪುಣೆ ಪೊಲೀಸರು ಭಾರದ್ವಾಜ್ ಅವರನ್ನು ಬಂಧಿಸಿದರು. ವಿಚಾರಣೆ ಮುಗಿಯುವ ಮೊದಲೇ, 2022ರ ಜನವರಿಯಲ್ಲಿ, ಅವರು ತೀರಿಕೊಂಡರು.

ಮುಂದಿನದು ಇನ್ನಷ್ಟು ವಿಚಿತ್ರ. ತನಿಖೆಯಲ್ಲಿ ನೆರವಾಗಲೆಂದು ಪುಣೆ ಪೊಲೀಸರು ನೇಮಿಸಿಕೊಂಡಿದ್ದ ಇಬ್ಬರು ಸೈಬರ್ ತಜ್ಞರನ್ನು 2022ರ ಮಾರ್ಚ್‌ನಲ್ಲಿ ಅದೇ ಪೊಲೀಸರು ಬಂಧಿಸಿದರು. ಆರೋಪಿಗಳ ವಾಲೆಟ್ಟಿನ ನಾಣ್ಯಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡರೆಂಬುದು ಆರೋಪ. ಬೆಂಗಳೂರಿನಲ್ಲೂ ಇಂಥದೇ ಕಥೆ. ಹ್ಯಾಕರ್ ಒಬ್ಬನ ಮೇಲೆ 2020ರಲ್ಲಿ ಹೂಡಿದ, ಮುಂದೆ ರಾಜ್ಯ ರಾಜಕಾರಣವನ್ನೇ ಕಲಕಿದ ಬಿಟ್‌ಕಾಯಿನ್ ಪ್ರಕರಣದಲ್ಲಿ, ತನಿಖೆ ನಡೆಸಿದ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರನ್ನೂ ಸೈಬರ್ ತಜ್ಞರೊಬ್ಬರನ್ನೂ 2024ರ ಜನವರಿಯಲ್ಲಿ ವಿಶೇಷ ತನಿಖಾ ತಂಡ ಬಂಧಿಸಿತು. ಆರೋಪಗಳು ಸಾಬೀತಾಗುತ್ತವೆಯೋ ಇಲ್ಲವೋ ನ್ಯಾಯಾಲಯ ನೋಡಿಕೊಳ್ಳುತ್ತದೆ. ಎರಡೂ ಊರುಗಳಲ್ಲಿ ಅನುಮಾನ ಅಂಥವರ ಕಡೆಗೆ ಹೊರಳಿದ್ದು ಏಕೆಂಬುದು ಮಾತ್ರ ಸ್ಪಷ್ಟ. ಜಪ್ತಿ ಮಾಡಿದ ಚಿನ್ನಕ್ಕೆ ತೂಕವಿದೆ, ಮೊಹರು ಹಾಕಿ ತಿಜೋರಿಯಲ್ಲಿಡಬಹುದು. ಜಪ್ತಿ ಮಾಡಿದ ಗುಟ್ಟನ್ನು ಒಮ್ಮೆ ಓದಿದವನ ನೆನಪಿನಿಂದ ಹೊರತೆಗೆಯುವಂತಿಲ್ಲ.

ಗೇನ್‌ಬಿಟ್‌ಕಾಯಿನ್ ಪ್ರಕರಣಗಳನ್ನು ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಸಿಬಿಐಗೆ ಒಪ್ಪಿಸಿತು. ಜಾರಿ ನಿರ್ದೇಶನಾಲಯದ ಪ್ರಕಾರ ಜನರಿಂದ ಸಂಗ್ರಹವಾದ ಬಿಟ್‌ಕಾಯಿನ್ನಿನ ಮೌಲ್ಯ 2017ರ ಬೆಲೆಯಲ್ಲೇ 6,600 ಕೋಟಿ ರೂಪಾಯಿ. 2025ರ ಫೆಬ್ರವರಿಯಲ್ಲಿ ಪುಣೆ, ಕೊಲ್ಹಾಪುರ, ಬೆಂಗಳೂರು ಸೇರಿದಂತೆ 60ಕ್ಕೂ ಹೆಚ್ಚು ಕಡೆ ಶೋಧ ನಡೆಸಿದ ಸಿಬಿಐ ವಶಪಡಿಸಿಕೊಂಡ ಕ್ರಿಪ್ಟೋ ಆಸ್ತಿಯ ಮೌಲ್ಯ 23.94 ಕೋಟಿ.