ಕರ್ನಲ್ ಕುಸಿತದ ವರದಿ: ‘ಟೇಂಟ್’ ಅಕ್ಷರಗಳ ಅರ್ಥವೇನು?

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ದೋಷಕ್ಕೆ ಸಿಲುಕಿದಾಗ ‘ಊಪ್ಸ್’ ಎಂಬ ವರದಿಯನ್ನು ದಾಖಲಿಸುತ್ತದೆ. ಅದರಲ್ಲಿ ‘ಟೇಂಟೆಡ್’ (ಕಳಂಕಿತ) ಎಂಬ ಪದದ ಮುಂದಿರುವ ಅಕ್ಷರಗಳು, ದೋಷಕ್ಕೆ ಮುನ್ನ ಕರ್ನಲ್‌ನಲ್ಲಿ ಏನು ಘಟಿಸಿತ್ತು ಎಂಬುದನ್ನು ಸೂಚಿಸುತ್ತವೆ. ಏನೂ ಘಟಿಸಿರದಿದ್ದರೆ ‘ನಾಟ್ ಟೇಂಟೆಡ್’ ಎಂದಿರುತ್ತದೆ.

ಪ್ರಮುಖ ಸೂಚಿಗಳು ಹಾಗೂ ಆವರಣದಲ್ಲಿ ಅವುಗಳ ಮೌಲ್ಯ ಹೀಗಿವೆ:

* ಪಿ (1): ಮುಕ್ತವಲ್ಲದ ಪರವಾನಗಿಯ ಮಾಡ್ಯೂಲ್ ಸೇರ್ಪಡೆಯಾಗಿದೆ. ಇಲ್ಲವಾದರೆ ಆ ಸ್ಥಾನದಲ್ಲಿ ‘ಜಿ’ ಇರುತ್ತದೆ.
* ಎಫ್ (2): ಮಾಡ್ಯೂಲನ್ನು ಬಲವಂತವಾಗಿ ಸೇರಿಸಲಾಗಿದೆ.
* ಎಂ (16): ಪ್ರೊಸೆಸರ್ ಯಂತ್ರಾಂಶ ದೋಷವನ್ನು ವರದಿ ಮಾಡಿದೆ.
* ಡಿ (128): ಈ ಮೊದಲೇ ಒಂದು ಊಪ್ಸ್ ಸಂಭವಿಸಿದೆ.
* ಡಬ್ಲ್ಯು (512): ಕರ್ನಲ್ ಎಚ್ಚರಿಕೆ ನೀಡಿದೆ.
* ಓ (4096): ಕರ್ನಲ್‌ನ ಅಧಿಕೃತ ಆಕರದ ಹೊರಗೆ ಸಿದ್ಧವಾದ ಮಾಡ್ಯೂಲ್ ಸೇರಿದೆ.

‘ಪ್ರಾಕ್’ ಕಡತ ವ್ಯವಸ್ಥೆಯಲ್ಲಿನ ‘ಟೇಂಟೆಡ್’ ಕಡತವು ಈ ಮೌಲ್ಯಗಳ ಮೊತ್ತವನ್ನು ನೀಡುತ್ತದೆ. ಅಲ್ಲಿ 4225 ಎಂದಿದ್ದರೆ 4096, 128 ಮತ್ತು 1, ಅರ್ಥಾತ್ ಓ, ಡಿ ಮತ್ತು ಪಿ ಸೂಚಿಗಳಿವೆ ಎಂದು ತಿಳಿಯಬೇಕು.

‘ಡಿ’ ಇರುವ ವರದಿಯಿಂದಲೇ ತನಿಖೆ ಆರಂಭಿಸಿದರೆ ಹಾದಿ ತಪ್ಪುವ ಸಂಭವವಿದೆ. ಆ ದೋಷವು ಮೊದಲ ಕುಸಿತದ ಪರಿಣಾಮವಷ್ಟೇ ಆಗಿರಬಹುದು. ಆದ್ದರಿಂದ ದಾಖಲೆಯಲ್ಲಿ ಹಿಂದಕ್ಕೆ ಸಾಗಿ ಮೊದಲ ಊಪ್ಸ್ ಹುಡುಕುವುದು ಅಗತ್ಯ.

‘ಪಿ’ ಅಥವಾ ‘ಓ’ ಇದ್ದರೆ ಕರ್ನಲ್ ಅಭಿವೃದ್ಧಿಕಾರರು ವರದಿಯನ್ನು ಪರಿಗಣಿಸದಿರಬಹುದು. ಮಾಡ್ಯೂಲನ್ನು ತೆಗೆದ ಮಾತ್ರಕ್ಕೆ ಸೂಚಿ ಅಳಿಯದು. ಅದು ಸೇರದಂತೆ ತಡೆದು, ಗಣಕವನ್ನು ಮರುಚಾಲನೆಗೊಳಿಸಿ, ದೋಷ ಮರುಕಳಿಸುವುದೇ ಎಂದು ಪರೀಕ್ಷಿಸಬೇಕು. ಮರುಕಳಿಸಿದಲ್ಲಿ ಆ ಮಾಡ್ಯೂಲ್ ನಿರ್ದೋಷಿ.